ಬೇಲಿಯೇ ಎದ್ದು ಹೊಲ ಮೇಯ್ದರೆ...

ಕ್ಯಾನ್ಸರ್ ಗಡ್ಡೆ ಎಂದರೆ ಬರೀ ಕ್ಯಾನ್ಸರ್ ಕೋಶಗಳ ಮುದ್ದೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಗಡ್ಡೆಯ ಒಂದು ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅಲ್ಲಿ ರಕ್ತನಾಳಗಳು ಕಾಣುತ್ತವೆ, ನಾರಿನಂಥ ಅಂಗಾಂಶ ಕಾಣುತ್ತದೆ, ಜೊತೆಗೆ ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕೋಶಗಳು ಗುಂಪುಗುಂಪಾಗಿ ಕೂತಿರುತ್ತವೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ, ಮಿದುಳಿನ ಗ್ಲಿಯೊಬ್ಲಾಸ್ಟೋಮಾದಂಥ ಗಡ್ಡೆಗಳಲ್ಲಿ ಒಟ್ಟು ರಾಶಿಯ ಅರ್ಧದಷ್ಟು ತನಕ ಇರುವುದು ಒಂದೇ ಬಗೆಯ ಕೋಶ. ಅದರ ಹೆಸರು ಮ್ಯಾಕ್ರೋಫೇಜ್. ಗ್ರೀಕ್ ಮೂಲದ ಈ ಪದದ ಅರ್ಥ ‘ದೊಡ್ಡ ತಿಂಡಿಪೋತ’.

ದೇಹಕ್ಕೆ ಬೇಡದ್ದನ್ನೆಲ್ಲ ನುಂಗಿ ಅರಗಿಸುವುದೇ ಈ ತಿಂಡಿಪೋತನ ಕೆಲಸ. ಒಳಗೆ ನುಗ್ಗಿದ ಬ್ಯಾಕ್ಟೀರಿಯಾ, ಸತ್ತ ಕೋಶಗಳು, ಶ್ವಾಸಕೋಶಕ್ಕೆ ಹೊಕ್ಕ ದೂಳಿನ ಕಣ ಎಲ್ಲವೂ ಅದಕ್ಕೆ ಆಹಾರ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಅವಧಿ ಮುಗಿದ ರಕ್ತಕಣಗಳನ್ನು ಸೆಕೆಂಡಿಗೆ ಸುಮಾರು 20 ಲಕ್ಷದಂತೆ ಗುಲ್ಮ ಮತ್ತು ಲಿವರ್‌ನಲ್ಲಿರುವ ಮ್ಯಾಕ್ರೋಫೇಜ್‌ಗಳು ನುಂಗಿ, ಒಳಗಿನ ಕಬ್ಬಿಣವನ್ನು ಮತ್ತೆ ಬಳಕೆಗೆ ಕೊಡುತ್ತವೆ. ಇಷ್ಟು ಹಸಿವಿರುವ ಕೋಶ ಕ್ಯಾನ್ಸರ್ ಪಕ್ಕದಲ್ಲೇ ಕೂತಿದ್ದೂ ಅದನ್ನು ಏಕೆ ತಿನ್ನುವುದಿಲ್ಲ?

ಈ ಪ್ರಶ್ನೆ ಡಾಕ್ಟರುಗಳಿಗೆ ಮಾತ್ರ ಸೇರಿದ್ದಲ್ಲ. ಯಾರಿಗಾದರೂ ಕ್ಯಾನ್ಸರ್ ಬಂದಿದೆ ಎಂದು ತಿಳಿದ ಕೂಡಲೇ ನಾವೆಲ್ಲ ಹೇಳುವ ಮೊದಲ ಮಾತು ‘ಇಮ್ಯುನಿಟಿ ಹೆಚ್ಚಿಸಿಕೊಳ್ಳಿ’. ಗಡ್ಡೆಯ ಅರ್ಧ ಭಾಗ ಇಮ್ಯುನಿಟಿಯ ಸೈನಿಕರೇ ಆಗಿದ್ದಾಗ ಆ ಮಾತಿಗೆ ಏನರ್ಥ?

ಮುಳ್ಳು ಚುಚ್ಚಿದ ನಕ್ಷತ್ರಮೀನು

ನುಂಗುವ ಕೋಶಗಳ ಮಹತ್ವವನ್ನು ಮೊದಲು ಕಂಡವರು ಇಲ್ಯಾ ಮೆಚ್ನಿಕಾಫ್. ಇಂದಿನ ಉಕ್ರೇನ್‌ನಲ್ಲಿ ಹುಟ್ಟಿದ ಈ ಪ್ರಾಣಿವಿಜ್ಞಾನಿ 1882ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿದ್ದರು. ನಕ್ಷತ್ರಮೀನಿನ ಮರಿ ಗಾಜಿನಷ್ಟು ಪಾರದರ್ಶಕ. ಅದರ ಮೈಗೆ ಅವರು ಗುಲಾಬಿಯ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ, ಚಲಿಸುವ ಕೋಶಗಳು ಎಲ್ಲಿಂದಲೋ ಬಂದು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದವು. ದೇಹ ತನ್ನನ್ನು ತಾನೇ ಕಾಯುತ್ತದೆ ಎಂಬುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿ. ಈ ಸಾಲಿನ ಕೆಲಸಕ್ಕೆ 1908ರಲ್ಲಿ ಅವರಿಗೆ ಪಾಲ್ ಎರ್ಲಿಖ್ ಜೊತೆ ನೊಬೆಲ್ ಬಂತು.

ಅದಕ್ಕೂ ಮೊದಲೇ, 1863ರಲ್ಲಿ, ಜರ್ಮನಿಯ ರುಡಾಲ್ಫ್ ವಿರ್ಖೋ ಗಡ್ಡೆಗಳೊಳಗೆ ಬಿಳಿ ರಕ್ತಕಣಗಳಿರುವುದನ್ನು ಗಮನಿಸಿ, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿರಬೇಕು ಎಂದಿದ್ದರು. ಆದರೆ ಬಹುಕಾಲದ ತನಕ, ಗಡ್ಡೆಯೊಳಗೆ ಸೈನಿಕರು ಕಂಡರೆ ಅವರು ಯುದ್ಧ ಮಾಡುತ್ತಿದ್ದಾರೆ ಎಂದೇ ಹೆಚ್ಚಿನವರು ಭಾವಿಸಿದ್ದರು.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಇಲಿಗಳ ಮೇಲಿನ ಒಂದು ಪ್ರಯೋಗ. ನ್ಯೂಯಾರ್ಕ್‌ನ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜ್ ಆಫ್ ಮೆಡಿಸಿನ್‌ನಲ್ಲಿ ಜೆಫ್ರಿ ಪೊಲಾರ್ಡ್ ತಂಡ 2001ರಲ್ಲಿ ಅದನ್ನು ಪ್ರಕಟಿಸಿತು. ಮ್ಯಾಕ್ರೋಫೇಜ್‌ಗಳನ್ನು ಕರೆತಂದು ಬೆಳೆಸುವ ಸಿಎಸ್‌ಎಫ್-1 ಎಂಬ ಪ್ರೊಟೀನ್ ಇಲ್ಲದ ಇಲಿಗಳನ್ನು ಅವರು ಆರಿಸಿಕೊಂಡಿದ್ದರು. ಅವುಗಳಿಗೂ ಬೇರೆ ಇಲಿಗಳಂತೆಯೇ ಸ್ತನ ಕ್ಯಾನ್ಸರ್ ಶುರುವಾಯಿತು. ಆದರೆ ಅದು ಆಕ್ರಮಣಕಾರಿಯಾಗುವುದು ನಿಧಾನವಾಯಿತು, ಶ್ವಾಸಕೋಶಕ್ಕೆ ಹರಡುವುದು ತೀರಾ ಕಡಿಮೆಯಾಯಿತು. ಕಾವಲುಗಾರರು ಕಡಿಮೆಯಾದರೆ ಕಳ್ಳನ ಓಡಾಟವೂ ಕಡಿಮೆ! ಕ್ಯಾನ್ಸರ್ ರೋಗಿಗಳ ಸಾವಿಗೆ ಹೆಚ್ಚಾಗಿ ಕಾರಣವಾಗುವುದು ಮೊದಲ ಗಡ್ಡೆಯಲ್ಲ, ಅದು ಬೇರೆ ಅಂಗಗಳಿಗೆ ಹರಡುವುದು. ಹಾಗಾಗಿ ಈ ಫಲಿತಾಂಶ ಸಣ್ಣದಲ್ಲ.

ದ್ರೋಹವಲ್ಲ, ಡ್ಯೂಟಿ

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಇಲ್ಲಿ ಥಟ್ಟನೆ ನೆನಪಾಗುತ್ತದೆ. ಆದರೆ ಮ್ಯಾಕ್ರೋಫೇಜ್ ದ್ರೋಹ ಮಾಡುತ್ತಿದೆ ಎಂದು ತೀರ್ಮಾನಿಸುವ ಮುನ್ನ ಅದರ ಎರಡನೇ ಕೆಲಸವನ್ನು ನೋಡಬೇಕು.

ಮೊಣಕಾಲು ತರಚಿದರೆ ಏನಾಗುತ್ತದೆ? ಮೊದಲೆರಡು ದಿನ ಕೆಂಪಗಾಗಿ ಊದಿಕೊಳ್ಳುತ್ತದೆ. ಆಗ ಮ್ಯಾಕ್ರೋಫೇಜ್‌ಗಳು ಹೊಡೆದಾಟದ ಸ್ಥಿತಿಯಲ್ಲಿರುತ್ತವೆ, ರೋಗಾಣುಗಳನ್ನು ಕೊಲ್ಲುತ್ತಿರುತ್ತವೆ. ಆಮೇಲೆ ಅದೇ ಜಾಗದ ಮ್ಯಾಕ್ರೋಫೇಜ್‌ಗಳು ರಿಪೇರಿಗೆ ನಿಲ್ಲುತ್ತವೆ. ಹೊಸ ರಕ್ತನಾಳ ಬೆಳೆಸುವ ಪ್ರೊಟೀನ್ ಸುರಿಸುತ್ತವೆ, ಹಳೆಯ ನಾರನ್ನು ಕರಗಿಸಿ ದಾರಿ ಮಾಡುತ್ತವೆ, ಕೋಶಗಳಿಗೆ ‘ಬೆಳೆಯಿರಿ’ ಎನ್ನುತ್ತವೆ, ಇನ್ನೂ ಹೊಡೆದಾಡುತ್ತಿರುವ ಬೇರೆ ಸೈನಿಕರಿಗೆ ‘ಸಾಕು ನಿಲ್ಲಿಸಿ’ ಎನ್ನುತ್ತವೆ. ಹೀಗಾದರೆ ಮಾತ್ರ ಗಾಯ ಮಾಯುತ್ತದೆ. ಪುಸ್ತಕಗಳಲ್ಲಿ ಹೊಡೆದಾಟದ ಸ್ಥಿತಿಗೆ ಎಂ1, ರಿಪೇರಿ ಸ್ಥಿತಿಗೆ ಎಂ2 ಎಂದು ಹೆಸರು. ನಿಜದಲ್ಲಿ ಇವು ಒಂದು ಉದ್ದ ದಾರಿಯ ಎರಡು ತುದಿಗಳಿದ್ದಂತೆ, ನಡುವೆ ಹಲವು ನಿಲ್ದಾಣಗಳಿವೆ.

ಈಗ ಗಡ್ಡೆಯನ್ನು ನೋಡಿ. ವೇಗವಾಗಿ ಬೆಳೆಯುವ ಗಡ್ಡೆಯ ನಡುಭಾಗಕ್ಕೆ ಆಮ್ಲಜನಕ ಸಾಲದು, ಅಲ್ಲಿ ಕೋಶಗಳು ಸಾಯುತ್ತಿರುತ್ತವೆ. ಮ್ಯಾಕ್ರೋಫೇಜ್‌ನ ಪಾಲಿಗೆ ಅದು ಥೇಟ್ ಗಾಯ. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಗಳನ್ನು ‘ವಾಸಿಯಾಗದ ಗಾಯಗಳು’ ಎಂದು ಕರೆದದ್ದು ಇದೇ ಹೋಲಿಕೆಯಿಂದ. ಅಸ್ಥಿಮಜ್ಜೆಯಿಂದ ಹೊರಟು ಬಂದ ಕೋಶ ಅಲ್ಲಿ ಕಾಲಿಟ್ಟೊಡನೆ ರಿಪೇರಿ ಶುರುಮಾಡುತ್ತದೆ. ರಕ್ತನಾಳ ಬೆಳೆಯುತ್ತದೆ, ಅದು ಗಡ್ಡೆಗೆ ಊಟ. ನಾರು ಕರಗುತ್ತದೆ, ಅದು ಗಡ್ಡೆಗೆ ರಸ್ತೆ. ‘ಸಾಕು ನಿಲ್ಲಿಸಿ’ ಎಂಬ ಸಂದೇಶ ಹೋಗುತ್ತದೆ, ಕ್ಯಾನ್ಸರ್ ಕೊಲ್ಲಬಲ್ಲ ಟಿ ಕೋಶಗಳು ಸುಮ್ಮನಾಗುತ್ತವೆ. ಟಿ ಕೋಶಗಳಿಗೆ ಬೇಕಾದ ಆರ್ಜಿನೈನ್ ಎಂಬ ಅಮೈನೋ ಆಮ್ಲವನ್ನೂ ಮ್ಯಾಕ್ರೋಫೇಜ್‌ಗಳೇ ಒಡೆದು ಖಾಲಿ ಮಾಡುತ್ತವೆ. ಅದು ತನ್ನ ಡ್ಯೂಟಿಯನ್ನೇ ಮಾಡುತ್ತಿದೆ, ಆದರೆ ಆರ್ಡರ್ ಕೊಡುತ್ತಿರುವುದು ಕ್ಯಾನ್ಸರ್.

ಎಲ್ಲ ಕ್ಯಾನ್ಸರ್‌ಗಳಲ್ಲೂ ಹೀಗೇ ಎನ್ನುವಂತಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನ ಕೆಲವು ಅಧ್ಯಯನಗಳಲ್ಲಿ ಗಡ್ಡೆಯೊಳಗೆ ಮ್ಯಾಕ್ರೋಫೇಜ್ ಹೆಚ್ಚಿದ್ದ ರೋಗಿಗಳೇ ಹೆಚ್ಚು ಕಾಲ ಬದುಕಿದ್ದಾರೆ. ಎಷ್ಟು ಕೋಶಗಳಿವೆ ಎನ್ನುವಷ್ಟೇ ಮುಖ್ಯ, ಅವು ಯಾವ ಸ್ಥಿತಿಯಲ್ಲಿವೆ, ಎಲ್ಲಿ ಕೂತಿವೆ ಎನ್ನುವುದು.

ಮೈಕ್ ಕಿರುಚುವ ಹಾಗೆ

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಈ ವಿಷಯ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರೊಳಗಿನ ಒಂದು ಲೂಪ್‌ನಿಂದ. ಸ್ತನ ಕ್ಯಾನ್ಸರ್‌ನಲ್ಲಿ ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಬಿಡುತ್ತದೆ, ಅದು ಮ್ಯಾಕ್ರೋಫೇಜ್‌ಗೆ ಕರೆ. ಹತ್ತಿರ ಬಂದ ಮ್ಯಾಕ್ರೋಫೇಜ್ ಇಜಿಎಫ್ ಎಂಬ ಇನ್ನೊಂದು ಪ್ರೊಟೀನ್ ಬಿಡುತ್ತದೆ, ಅದು ಕ್ಯಾನ್ಸರ್ ಕೋಶಕ್ಕೆ ‘ಚಲಿಸು’ ಎಂಬ ಸೂಚನೆ. ಸೂಚನೆ ಸಿಕ್ಕ ಕ್ಯಾನ್ಸರ್ ಕೋಶ ಮತ್ತಷ್ಟು ಸಿಎಸ್‌ಎಫ್-1 ಬಿಡುತ್ತದೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡು ರಕ್ತನಾಳದತ್ತ ಸಾಗುತ್ತಾರೆ. ಪೊಲಾರ್ಡ್ ಅವರಿದ್ದ ಕಾಲೇಜಿನಲ್ಲೇ ಜಾನ್ ಕಾಂಡೀಲಿಸ್ ತಂಡ ಜೀವಂತ ಇಲಿಯ ಗಡ್ಡೆಯೊಳಗೆ ಇದನ್ನು ಸೂಕ್ಷ್ಮದರ್ಶಕದಲ್ಲಿ ಸೆರೆಹಿಡಿದಿದೆ. ರಕ್ತನಾಳದ ಗೋಡೆಗೆ ಅಂಟಿ ಕೂತ ಮ್ಯಾಕ್ರೋಫೇಜ್ ಪಕ್ಕದಲ್ಲೇ ಗೋಡೆ ಸಡಿಲವಾಗಿ, ಕ್ಯಾನ್ಸರ್ ಕೋಶ ಒಳಗೆ ನುಸುಳಿಕೊಳ್ಳುತ್ತದೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದ ಯಾರಿಗಾದರೂ ಇದು ಗೊತ್ತು: ಪಾಸಿಟಿವ್ ಫೀಡ್‌ಬ್ಯಾಕ್. ಓದದವರೂ ಇದನ್ನು ಕೇಳಿಯೇ ಇದ್ದಾರೆ. ಕಾಲೇಜ್ ಡೇ ದಿನ ನಿರೂಪಕಿ ಮೈಕ್ ಹಿಡಿದು ಸ್ಪೀಕರ್ ಮುಂದೆ ಬಂದರೆ ಕುಯ್ಯ್ ಎಂದು ಕಿವಿ ಹರಿಯುವ ಸದ್ದು ಬರುತ್ತದಲ್ಲ, ಅದೇ. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಸ್ಪೀಕರಿಗೆ. ಮೈಕೂ ಸರಿಯಿದೆ, ಸ್ಪೀಕರೂ ಸರಿಯಿದೆ, ಹಾಳಾಗಿರುವುದು ಅವುಗಳ ನಡುವಿನ ಸಂಬಂಧ. ಆ ಹೊತ್ತಿನಲ್ಲಿ ವಾಲ್ಯೂಮ್ ಹೆಚ್ಚಿಸಿದರೆ ಕಿರುಚಾಟ ಹೆಚ್ಚುತ್ತದೆ, ಅಷ್ಟೆ.

ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ವಾರದೊಳಗೆ ಮನೆಗೆ ಮೂರು ಬಗೆಯ ಪುಡಿ, ಎರಡು ಬಾಟಲಿ ಜ್ಯೂಸ್ ಬಂದವು. ಎಲ್ಲದರ ಮೇಲೂ ಇಮ್ಯುನಿಟಿ ಎಂಬ ಪದ ದಪ್ಪಕ್ಷರದಲ್ಲಿತ್ತು. ತಂದವರೆಲ್ಲ ಪ್ರೀತಿಯಿಂದಲೇ ತಂದಿದ್ದರು. ಒಬ್ಬರಂತೂ ‘ಮೊದಲು ಇದನ್ನು ಮೂರು ತಿಂಗಳು ತಗೊಳ್ಳಮ್ಮ, ಆಮೇಲೆ ಕಿಮೋ ನೋಡೋಣ’ ಎಂದರು. ಚಿಕ್ಕಪ್ಪ ಡಾಕ್ಟರನ್ನು ಕೇಳಿ ಬಂದು, ಡಬ್ಬಗಳನ್ನು ಅಟ್ಟಕ್ಕೆ ಏರಿಸಿ, ನಿಗದಿಯಾದ ದಿನವೇ ಕಿಮೋಗೆ ಕರೆದುಕೊಂಡು ಹೋದರು. ಇದನ್ನು ಬರೆಯುತ್ತಿರುವುದು ಆ ‘ಮೂರು ತಿಂಗಳು’ ಎಂಬ ಸಲಹೆಗಾಗಿ. ಹರಡುವ ರೋಗಕ್ಕೆ ಮೂರು ತಿಂಗಳು ಬಹಳ ದೊಡ್ಡ ಅವಕಾಶ. ಮೇಲಾಗಿ ಕೆಲವು ಗಿಡಮೂಲಿಕೆಗಳು ಕಿಮೋ ಔಷಧಗಳ ಜೊತೆ ಸೇರಿ ತೊಂದರೆ ಕೊಡಬಲ್ಲವು, ಲಿವರ್ ಮೇಲೆ ಹೊರೆ ಹಾಕಬಲ್ಲವು. ಸೈನಿಕರ ಸಂಖ್ಯೆ ಹೆಚ್ಚಿಸುತ್ತೇನೆ ಎನ್ನುವ ಪುಡಿಯನ್ನು ಕೇಳಬೇಕಾದ ಪ್ರಶ್ನೆ ಇಷ್ಟೆ: ಆ ಸೈನಿಕರು ಯಾರ ಮಾತು ಕೇಳುತ್ತಾರೆ?

ವೈರ್ ಕತ್ತರಿಸುವ ಪ್ರಯತ್ನ

ವಿಜ್ಞಾನಿಗಳು ಮೊದಲು ಯೋಚಿಸಿದ್ದು ಲೂಪನ್ನೇ ಕತ್ತರಿಸುವುದನ್ನು. ಸಿಎಸ್‌ಎಫ್-1ರ ಕರೆ ಮ್ಯಾಕ್ರೋಫೇಜ್‌ಗೆ ಕೇಳದಂತೆ ಅದರ ಗ್ರಾಹಕವನ್ನು ಮುಚ್ಚಿಬಿಡುವ ಔಷಧಗಳು ಬಂದವು. ಅವುಗಳಲ್ಲಿ ಪೆಕ್ಸಿಡಾರ್ಟಿನಿಬ್‌ಗೆ ಅಮೆರಿಕದ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಕೀಲುಗಳ ಒಳಪದರದಲ್ಲಿ ಬೆಳೆಯುವ ಒಂದು ಅಪರೂಪದ ಗಡ್ಡೆಗೆ ಅದು ಮದ್ದು. ಹೆಚ್ಚಿನ ಸಂದರ್ಭಗಳಲ್ಲಿ ಈ ಗಡ್ಡೆ ಕ್ಯಾನ್ಸರ್ ಅಲ್ಲ, ಆದರೆ ಕೀಲನ್ನು ಹಾಳುಮಾಡುತ್ತದೆ. ಅದರಲ್ಲಿ ಕೆಲವೇ ಕೋಶಗಳು ಸಿಎಸ್‌ಎಫ್-1 ಸುರಿಸಿ ಉಳಿದ ರಾಶಿಯನ್ನೆಲ್ಲ ಕರೆತಂದಿರುತ್ತವೆ. 120 ರೋಗಿಗಳ ಪರೀಕ್ಷೆಯಲ್ಲಿ ಔಷಧ ಪಡೆದವರಲ್ಲಿ ಶೇ 39ರಷ್ಟು ಜನರ ಗಡ್ಡೆ ಗಮನಾರ್ಹವಾಗಿ ಕುಗ್ಗಿತು, ಬರೀ ಸಕ್ಕರೆ ಗುಳಿಗೆಯಂಥದ್ದು ಪಡೆದವರಲ್ಲಿ ಒಬ್ಬರಿಗೂ ಕುಗ್ಗಲಿಲ್ಲ. ಲಿವರ್‌ಗೆ ತೀವ್ರ ಹಾನಿಯಾಗಬಹುದು ಎಂಬ ಎಚ್ಚರಿಕೆ ಮಾತ್ರ ಔಷಧದ ಜೊತೆಗೇ ಇದೆ.

ಬೇರೆ ಕ್ಯಾನ್ಸರ್‌ಗಳಲ್ಲಿ ಇದೇ ಬಗೆಯ ಔಷಧ ಒಂಟಿಯಾಗಿ ಹೆಚ್ಚೇನೂ ಮಾಡಲಿಲ್ಲ. ಮಿದುಳಿನ ಗ್ಲಿಯೊಬ್ಲಾಸ್ಟೋಮಾ ಇದ್ದ ಇಲಿಗಳಲ್ಲಿ ಜೊಹಾನಾ ಜಾಯ್ಸ್ ತಂಡ ಕಂಡದ್ದು ಸ್ವಾರಸ್ಯಕರ. ಮ್ಯಾಕ್ರೋಫೇಜ್‌ಗಳು ಸಾಯಲಿಲ್ಲ, ಬದಲಾಗಿ ತಮ್ಮ ಸ್ವಭಾವ ಬದಲಿಸಿಕೊಂಡವು ಮತ್ತು ಗಡ್ಡೆಗಳು ಕುಗ್ಗಿದವು. ಆದರೆ ಚಿಕಿತ್ಸೆ ಮುಂದುವರಿದಂತೆ ಅರ್ಧಕ್ಕಿಂತ ಹೆಚ್ಚು ಇಲಿಗಳಲ್ಲಿ ಗಡ್ಡೆ ಮರಳಿತು. ಆ ಹೊತ್ತಿಗೆ ಮ್ಯಾಕ್ರೋಫೇಜ್ ಮತ್ತು ಕ್ಯಾನ್ಸರ್ ಕೋಶಗಳು ಬೇರೊಂದು ಪ್ರೊಟೀನ್ ಮೂಲಕ ಹೊಸ ಲೂಪ್ ಕಟ್ಟಿಕೊಂಡಿದ್ದವು. ಗ್ಲಿಯೊಬ್ಲಾಸ್ಟೋಮಾ ಮರುಕಳಿಸಿದ ರೋಗಿಗಳಿಗೆ ಕೊಟ್ಟಾಗಲೂ ಪೆಕ್ಸಿಡಾರ್ಟಿನಿಬ್ ಫಲ ನೀಡಲಿಲ್ಲ. ಒಂದು ವೈರ್ ಕತ್ತರಿಸಿದರೆ ಕರೆಂಟು ಇನ್ನೊಂದು ದಾರಿ ಹುಡುಕಿಕೊಂಡಿತ್ತು.

‘ನನ್ನನ್ನು ತಿನ್ನಬೇಡ’

ಇನ್ನೊಂದು ದಾರಿ ತಿಂಡಿಪೋತನ ಹಸಿವನ್ನೇ ಮರಳಿಸುವುದು. ನಮ್ಮ ಆರೋಗ್ಯವಂತ ಕೋಶಗಳ ಮೈಮೇಲೆ ಸಿಡಿ47 ಎಂಬ ಪ್ರೊಟೀನ್ ಇರುತ್ತದೆ. ‘ನನ್ನನ್ನು ತಿನ್ನಬೇಡ’ ಎಂಬ ಗುರುತಿನ ಚೀಟಿ ಅದು. ಹಲವು ಕ್ಯಾನ್ಸರ್ ಕೋಶಗಳು ಈ ಚೀಟಿಯನ್ನು ಮೈತುಂಬ ಅಂಟಿಸಿಕೊಂಡು ಮ್ಯಾಕ್ರೋಫೇಜ್ ಎದುರೇ ಓಡಾಡುತ್ತವೆ. ಸ್ಟ್ಯಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ತಂಡ ಚೀಟಿಯನ್ನು ಮುಚ್ಚುವ ಪ್ರತಿಕಾಯ ತಯಾರಿಸಿತು. 2018ರಲ್ಲಿ ಪ್ರಕಟವಾದ ವರದಿಯಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಲಿಂಫೋಮಾ ಇದ್ದ 22 ರೋಗಿಗಳಿಗೆ ಇದನ್ನು ರಿಟುಕ್ಸಿಮ್ಯಾಬ್ ಜೊತೆ ಕೊಟ್ಟಾಗ ಅರ್ಧದಷ್ಟು ಜನರಲ್ಲಿ ರೋಗ ತಗ್ಗಿತ್ತು. 2020ರಲ್ಲಿ ಗಿಲಿಯಡ್ ಕಂಪನಿ ಈ ಔಷಧಕ್ಕಾಗಿ 490 ಕೋಟಿ ಡಾಲರ್ ಕೊಟ್ಟು ಒಂದು ಕಂಪನಿಯನ್ನೇ ಕೊಂಡಿತು.

ಆಮೇಲೆ ನಡೆದದ್ದನ್ನೂ ಹೇಳಬೇಕು. ರಕ್ತದ ಕ್ಯಾನ್ಸರ್‌ಗಳಲ್ಲಿ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಔಷಧ ನಿರೀಕ್ಷಿತ ಫಲ ಕೊಡಲಿಲ್ಲ. 2023 ಮತ್ತು 2024ರಲ್ಲಿ ಅವುಗಳನ್ನು ನಿಲ್ಲಿಸಲಾಯಿತು. ಕೆಂಪು ರಕ್ತಕಣಗಳ ಮೈಮೇಲೂ ಅದೇ ಚೀಟಿ ಇರುವುದರಿಂದ ರಕ್ತಹೀನತೆ ಈ ಬಗೆಯ ಔಷಧಗಳ ಗೊತ್ತಿರುವ ಅಡ್ಡಪರಿಣಾಮ. ಸಣ್ಣ ಗುಂಪಿನಲ್ಲಿ ಚಮತ್ಕಾರದಂತೆ ಕಂಡದ್ದು ದೊಡ್ಡ ಗುಂಪಿನಲ್ಲಿ ನಿಲ್ಲದಿರುವುದು ಇದೇ ಮೊದಲಲ್ಲ. ‘ಕ್ಯಾನ್ಸರಿಗೆ ಮದ್ದು ಸಿಕ್ಕೇಬಿಟ್ಟಿತು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದಾಗ ಪರೀಕ್ಷೆ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ ಎಂದು ನೋಡುವ ಅಭ್ಯಾಸ ನಮಗಿರಬೇಕು.

ಮೂರನೆಯ ದಾರಿ ಹೊಸ ಪಾಠ ಕಲಿಸಿ ಕಳಿಸುವುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಾರ್ ಗಿಲ್ ಮತ್ತು ಮೈಕಲ್ ಕ್ಲಿಚಿನ್‌ಸ್ಕಿ ತಂಡ ಮ್ಯಾಕ್ರೋಫೇಜ್‌ಗೆ ಹೊಸ ಗ್ರಾಹಕ ಜೋಡಿಸಿ, ನಿರ್ದಿಷ್ಟ ಕ್ಯಾನ್ಸರ್ ಕೋಶವನ್ನು ಗುರುತಿಸಿ ನುಂಗುವಂತೆ ಮಾಡಿದ್ದನ್ನು 2020ರಲ್ಲಿ ಪ್ರಕಟಿಸಿತು. 2021ರಿಂದ ರೋಗಿಗಳಲ್ಲಿ ಮೊದಲ ಹಂತದ ಪರೀಕ್ಷೆ ನಡೆಯಿತು. ಕೆಲವರಲ್ಲಿ ಗಡ್ಡೆ ಸ್ವಲ್ಪ ಕಾಲ ಬೆಳೆಯದೆ ನಿಂತಿತು, ಕರಗಿ ಹೋಗಲಿಲ್ಲ. ಇದಿನ್ನೂ ಆರಂಭ.

ಸೈನಿಕರನ್ನು ಎಬ್ಬಿಸಿ ಗೆದ್ದ ಹಳೆಯ ಉದಾಹರಣೆಯೂ ಒಂದಿದೆ. ನಮ್ಮ ತೋಳಿನ ಮೇಲೆ ಗುರುತು ಉಳಿಸಿರುವ ಬಿಸಿಜಿ ಲಸಿಕೆಯನ್ನು 1976ರಿಂದ ಮೂತ್ರಕೋಶದ ಆರಂಭಿಕ ಕ್ಯಾನ್ಸರ್‌ಗೂ ಬಳಸುತ್ತಾರೆ. ಅದನ್ನು ನೇರವಾಗಿ ಮೂತ್ರಕೋಶದೊಳಗೆ ಬಿಟ್ಟಾಗ ಮ್ಯಾಕ್ರೋಫೇಜ್ ಸೇರಿದಂತೆ ಹಲವು ಕೋಶಗಳು ಹೊಡೆದಾಟಕ್ಕೆ ಇಳಿಯುತ್ತವೆ. ಇಲ್ಲಿ ಜಾಗ ನಿಗದಿ, ಪ್ರಮಾಣ ನಿಗದಿ, ಯಾವ ಹಂತದ ರೋಗಕ್ಕೆ ಎಂಬುದೂ ನಿಗದಿ. ಔಷಧಕ್ಕೂ ಡಬ್ಬದ ಪುಡಿಗೂ ಇರುವ ವ್ಯತ್ಯಾಸ ಇದೇ.

ನಮಗೆ ಇಲ್ಲೇನು ಕೆಲಸ?

ಬಿಇ ಓದುವವರಿಗೆ ಇದೆಲ್ಲ ಏಕೆ ಎಂದು ಗೆಳೆಯರು ಕೇಳುತ್ತಾರೆ. ನನಗೆ ಸಿಕ್ಕ ಉತ್ತರ ಬೆಂಗಳೂರಿನಲ್ಲೇ ಇದೆ. ಐಐಎಸ್‌ಸಿಯ ಮೋಹಿತ್ ಕುಮಾರ್ ಜಾಲಿ ಐಐಟಿ ಕಾನ್ಪುರದಲ್ಲಿ ಬಯೋಎಂಜಿನಿಯರಿಂಗ್ ಓದಿದವರು. ಅವರೂ ಅಮೆರಿಕದ ಸಂಶೋಧಕರೂ ಸೇರಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇಲಿಯೂ ಇಲ್ಲ, ರೋಗಿಯೂ ಇಲ್ಲ, ಇರುವುದು ಸಮೀಕರಣಗಳು. ಮ್ಯಾಕ್ರೋಫೇಜ್‌ನ ಎರಡು ಸ್ಥಿತಿ, ಕ್ಯಾನ್ಸರ್ ಕೋಶದ ಎರಡು ಸ್ಥಿತಿ, ಅವು ಒಂದರ ಮೇಲೊಂದು ಬೀರುವ ಪ್ರಭಾವ ಇವನ್ನು ಗಣಿತಕ್ಕೆ ಇಳಿಸಿ ಕಂಪ್ಯೂಟರಿನಲ್ಲಿ ಓಡಿಸಿದರು. ಇಡೀ ವ್ಯವಸ್ಥೆಗೆ ಒಂದಲ್ಲ, ಹಲವು ಸ್ಥಿರ ಸ್ಥಿತಿಗಳಿವೆ ಎಂದು ಕಂಡಿತು. ನಮ್ಮ ಲ್ಯಾಬಿನ ಫ್ಲಿಪ್‌ಫ್ಲಾಪ್ ನೆನಪಿಸಿಕೊಳ್ಳಿ: ಸಣ್ಣಪುಟ್ಟ ಅಲುಗಾಟಕ್ಕೆ ಅದು ಸ್ಥಿತಿ ಬದಲಿಸುವುದಿಲ್ಲ, ಸರಿಯಾದ ಪಲ್ಸ್ ಕೊಟ್ಟರೆ ಥಟ್ಟನೆ ಬದಲಾಗಿ ಅಲ್ಲೇ ನಿಲ್ಲುತ್ತದೆ. ಈ ಮಾದರಿಯ ಸ್ಥಿರ ಸ್ಥಿತಿಗಳಲ್ಲಿ ಕ್ಯಾನ್ಸರ್ ಕೋಶಗಳು ಪೂರ್ತಿ ಅಳಿದುಹೋಗುವಂಥದ್ದೂ ಇದೆ. ಅಲ್ಲಿಗೆ ತಳ್ಳಬಲ್ಲ ಪಲ್ಸ್ ಯಾವುದು ಎಂಬುದು ಜೀವಶಾಸ್ತ್ರದ ಪ್ರಶ್ನೆಯೂ ಹೌದು, ಕಂಟ್ರೋಲ್ ಸಿಸ್ಟಮ್ಸ್ ಪ್ರಶ್ನೆಯೂ ಹೌದು.

ದೇಶದಲ್ಲಿ ಇಂಥ ಕೆಲಸ ಕಾಗದದಲ್ಲೇ ಉಳಿಯುತ್ತದೆ ಎನ್ನುವವರಿಗೆ ನೆಕ್ಸ್‌ಕಾರ್19 ಉತ್ತರ. ಐಐಟಿ ಬಾಂಬೆ ಮತ್ತು ಟಾಟಾ ಮೆಮೊರಿಯಲ್ ಸೆಂಟರ್ ಸೇರಿ ರೂಪಿಸಿದ ಈ ಕೋಶ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ವಿದೇಶದ ಇಂಥ ಚಿಕಿತ್ಸೆಯ ಸುಮಾರು ಹತ್ತನೇ ಒಂದು ಭಾಗ. ಇದು ಟಿ ಕೋಶಗಳದ್ದು, ಮ್ಯಾಕ್ರೋಫೇಜ್‌ನದಲ್ಲ. ಆದರೂ ಎಂಜಿನಿಯರಿಂಗ್ ಕ್ಯಾಂಪಸ್ ಒಂದರ ಲ್ಯಾಬಿನಿಂದ ರೋಗಿಯ ಹಾಸಿಗೆಯ ತನಕ ದಾರಿ ಇದೆ ಎಂಬುದನ್ನು ಅದು ತೋರಿಸಿದೆ.

ನಾವು ಶುರುಮಾಡಲು ದೊಡ್ಡ ಲ್ಯಾಬ್ ಬೇಕಿಲ್ಲ. ಅಮೆರಿಕದ ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಯೋಜನೆ 33 ಬಗೆಯ ಕ್ಯಾನ್ಸರ್‌ಗಳ ದತ್ತಾಂಶವನ್ನು ಸಂಗ್ರಹಿಸಿದೆ, ಅದರ ಹೆಚ್ಚಿನ ಭಾಗ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಮ್ಯಾಕ್ರೋಫೇಜ್‌ಗಳಲ್ಲಿರುವ ಸಿಡಿ68 ಎಂಬ ಗುರುತಿಗೆ ಬಣ್ಣ ಕಟ್ಟಿದ ಸ್ಲೈಡ್‌ಗಳಲ್ಲಿ ಆ ಕೋಶಗಳನ್ನು ಎಣಿಸುವುದು ಇಮೇಜ್ ಪ್ರೊಸೆಸಿಂಗ್ ಕಲಿತವರಿಗೆ ನೇರ ಸವಾಲು. ಅಂತಿಮ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ಫೇಸ್ ಅಟೆಂಡೆನ್ಸ್ ಸಿಸ್ಟಮ್ ಮಾಡುವ ಬದಲು ಇದನ್ನು ಆರಿಸಿಕೊಳ್ಳಬಹುದು. ಮುಂದೆ ಓದುವವರಿಗೆ 2020ರಿಂದ ಗೇಟ್ ಪರೀಕ್ಷೆಯಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಪತ್ರಿಕೆಯೂ ಇದೆ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಐಟಿ ಕಂಪನಿಗಳ ಹೆಸರಷ್ಟೇ ಹುಡುಕುವ ನಮಗೆ ಇದು ಇನ್ನೊಂದು ಬಾಗಿಲು. ಸಂಬಳ ತಡವಾಗಿ ಬರುವ ದಾರಿ ಇದು, ಅದನ್ನು ಮುಚ್ಚಿಡಬೇಕಾಗಿಲ್ಲ.

ಗಡ್ಡೆಯೊಳಗಿನ ಮ್ಯಾಕ್ರೋಫೇಜ್ ಶತ್ರುವಲ್ಲ. ಅದನ್ನು ಕೊಂದರೆ ಬೇರೆಡೆ ರೋಗಾಣು ತಿನ್ನುವವರು ಯಾರು, ಗಾಯ ಮಾಯಿಸುವವರು ಯಾರು? ಅದಕ್ಕೆ ತಲುಪುತ್ತಿರುವ ಆದೇಶವನ್ನು ಬದಲಿಸುವ ಕೆಲಸ ಬಾಕಿ ಇದೆ ಮತ್ತು ಅದಕ್ಕೆ ಡಾಕ್ಟರುಗಳ ಜೊತೆ ಸರ್ಕಿಟ್, ಸಿಗ್ನಲ್, ಸಾಫ್ಟ್‌ವೇರ್ ಗೊತ್ತಿರುವವರೂ ಬೇಕು. ಅಲ್ಲಿಯ ತನಕ, ನಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದಾಗ ಪುಡಿಯ ಡಬ್ಬ ಹಿಡಿದು ಹೋಗುವ ಬದಲು, ‘ಮುಂದಿನ ಕಿಮೋ ಯಾವತ್ತು, ಜೊತೆಗೆ ನಾನು ಬರಲಾ?’ ಎಂದು ಕೇಳುವುದು ನಮ್ಮೆಲ್ಲರ ಕೈಲಾಗುವ ಕೆಲಸ.